ಗುಡ್ಡದ ಮೇಲೆ 15 ಡಿಗ್ರಿ, ದಂಡೆಯಲ್ಲಿ 4: ಡುಲುತ್‌ನ ವಸಂತದ ಮುನ್ಸೂಚನೆ ಓದುವುದು ಹೇಗೆ?

ಪ್ರಶ್ನೆ: ಮಿನ್ನೆಸೋಟದ ಡುಲುತ್‌ಗೆ ಈಚೆಗೆ ಬಂದು ನೆಲೆಸಿದ್ದೇವೆ. ಏಪ್ರಿಲ್‌ನಲ್ಲಿ ಫೋನು 15 ಡಿಗ್ರಿ ತೋರಿಸುವಾಗಲೂ ಸುಪೀರಿಯರ್ ಸರೋವರದ ದಂಡೆಯಲ್ಲಿ ಹಲ್ಲು ಕಟಕಟ ಎನ್ನುತ್ತದಂತೆ. ‘ವಾಡಿಕೆಗಿಂತ ಬೆಚ್ಚಗಿನ ವಸಂತ’ ಎಂಬ ಮುನ್ಸೂಚನೆ ಬಂದರೆ ನಂಬಬಹುದೇ? ಏಪ್ರಿಲ್‌ನಲ್ಲಿ ಊರಿಂದ ಅಪ್ಪ–ಅಮ್ಮನನ್ನು ಕರೆಸಿಕೊಳ್ಳಬಹುದೇ?

ಉತ್ತರ: ಫೋನು ತೋರಿಸುವ ಅಂಕಿ ಸುಳ್ಳಲ್ಲ, ಆದರೆ ಅದು ಸಾಮಾನ್ಯವಾಗಿ ವಿಮಾನ ನಿಲ್ದಾಣದ ಅಂಕಿ. ನಿಲ್ದಾಣ ಇರುವುದು ಗುಡ್ಡದ ಮೇಲೆ, ಸಮುದ್ರಮಟ್ಟದಿಂದ ಸುಮಾರು 435 ಮೀಟರ್ ಎತ್ತರದಲ್ಲಿ. ಸರೋವರದ ನೀರು 183 ಮೀಟರಿನಲ್ಲಿದೆ. ಎತ್ತರಕ್ಕೆ ಹೋದಂತೆ ತಂಪಾಗಬೇಕು ಎಂಬ ನಮ್ಮ ರೂಢಿಯ ಲೆಕ್ಕ ವಸಂತದ ಡುಲುತ್‌ನಲ್ಲಿ ಎಷ್ಟೋ ಮಧ್ಯಾಹ್ನ ತಲೆಕೆಳಗಾಗುತ್ತದೆ. ದಂಡೆಯ ಸ್ಥಿತಿ ತಿಳಿಯಬೇಕಾದರೆ ಮಿನ್ನೆಸೋಟ ಪಾಯಿಂಟ್ ಎಂಬ ಮರಳುದಿಣ್ಣೆಯ ಮೇಲಿರುವ ಸ್ಕೈ ಹಾರ್ಬರ್ ವಿಮಾನ ನಿಲ್ದಾಣದ ಅಂಕಿ ನೋಡಿ. ಎರಡೂ ನಿಲ್ದಾಣಗಳ ಉಷ್ಣಾಂಶವನ್ನು ಪಕ್ಕಪಕ್ಕ ಇಟ್ಟು ನೋಡುವುದು ಮಾರ್ಚ್‌ನಿಂದ ಜೂನ್‌ವರೆಗೆ ರೂಢಿಸಿಕೊಳ್ಳಬೇಕಾದ ಅಭ್ಯಾಸ.

ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಸರೋವರ ಬಿಸಿಯಾಗುವ ರೀತಿಯೇ ಬೇರೆ. ಸಿಹಿನೀರು ಅತಿ ಹೆಚ್ಚು ಭಾರವಾಗುವುದು 4 ಡಿಗ್ರಿಯಲ್ಲಿ. ಮಾರ್ಚ್‌ನಲ್ಲಿ ಮೇಲ್ಪದರ 1–2 ಡಿಗ್ರಿ ಇರುತ್ತದೆ. ಬಿಸಿಲು ತಾಗಿ ಅದು 3 ಡಿಗ್ರಿಗೆ ಬಂದ ಕೂಡಲೇ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ತಣ್ಣನೆಯ ನೀರು ಮೇಲೆ ಬರುತ್ತದೆ. ಇಡೀ ಆಳ 4 ಡಿಗ್ರಿ ಮುಟ್ಟುವವರೆಗೂ ಮೇಲ್ಪದರದಲ್ಲಿ ಬಿಸಿ ನಿಲ್ಲುವುದೇ ಇಲ್ಲ. ಸುಪೀರಿಯರ್‌ನ ಸರಾಸರಿ ಆಳ 147 ಮೀಟರ್, ಗರಿಷ್ಠ 406. ಅಷ್ಟು ನೀರನ್ನು ಬಿಸಿಲು ಕಾಯಿಸಬೇಕು. ಹಾಗಾಗಿ ನಡುಸರೋವರ 4 ಡಿಗ್ರಿ ದಾಟಲು ಜೂನ್ ತಿಂಗಳು ಬೇಕು. ಅಲ್ಲಿಯವರೆಗೆ ನೆಲ ಎಷ್ಟೇ ಕಾದರೂ ಪಕ್ಕದಲ್ಲೊಂದು ತಣ್ಣನೆಯ ಗಾಳಿಯ ಕಣಜ ಇದ್ದೇ ಇರುತ್ತದೆ.

ಆ ಕಣಜದ ಬಾಗಿಲು ತೆರೆಯುವುದು ಗಾಳಿಯ ದಿಕ್ಕು. ಪಶ್ಚಿಮ ಅಥವಾ ನೈಋತ್ಯದಿಂದ ಬೀಸಿದರೆ ಅದು ನೆಲದ ಗಾಳಿ, ದಂಡೆಯೂ ಬೆಚ್ಚಗಾಗುತ್ತದೆ. ಪೂರ್ವ ಅಥವಾ ಈಶಾನ್ಯಕ್ಕೆ ತಿರುಗಿತೆಂದರೆ ತಣ್ಣೀರಿನ ಮೇಲೆ ನೂರಾರು ಕಿಲೋಮೀಟರ್ ಸವರಿಕೊಂಡು ಬಂದ ಗಾಳಿ. ದಂಡೆಯ ಮೇಲಿರುವ ಕೆನಾಲ್ ಪಾರ್ಕ್‌ನಲ್ಲಿ ಕೆಲವೇ ನಿಮಿಷಗಳಲ್ಲಿ 10 ಡಿಗ್ರಿ ಇಳಿಯುವುದುಂಟು. ಬೆಳಗಿನಿಂದ ಗಾಳಿ ನಿಶ್ಚಲವಾಗಿದ್ದು ಬಿಸಿಲು ಚುರುಕಾಗಿದ್ದರೆ ಎಚ್ಚರ: ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ಸರೋವರದ ಗಾಳಿ ತಾನಾಗಿ ಏಳುತ್ತದೆ. ಮಂಗಳೂರು, ಕಾರವಾರದಲ್ಲಿ ಮಧ್ಯಾಹ್ನ ಕಡಲಗಾಳಿ ಏಳುವುದೂ ಇದೇ ಕಾರಣಕ್ಕೆ. ಅದರಿಂದ ದಿನದ ಗರಿಷ್ಠ ಉಷ್ಣಾಂಶ ಬಿಟ್ಟು ಗಂಟೆಗಂಟೆಯ ಮುನ್ಸೂಚನೆ ತೆರೆಯಿರಿ. ಅಮೆರಿಕದ ಸರ್ಕಾರಿ ಹವಾಮಾನ ಸಂಸ್ಥೆ ನ್ಯಾಷನಲ್ ವೆದರ್ ಸರ್ವಿಸ್‌ನ ನಕ್ಷೆಯಲ್ಲಿ ಊರಿನ ಹೆಸರು ಹುಡುಕದೆ ನಿಮ್ಮ ಜಾಗದ ಮೇಲೇ ಒತ್ತಿ, ಮೊದಲು ಗಾಳಿಯ ಸಾಲು ನೋಡಿ.

ಇನ್ನು ‘ವಾಡಿಕೆಗಿಂತ ಬೆಚ್ಚಗೆ’ ಎಂಬ ಮಾತು. ಅದೇ ಸಂಸ್ಥೆಯ ದೀರ್ಘಾವಧಿ ಮುನ್ನೋಟದ ವಿಭಾಗವಾದ ಕ್ಲೈಮೇಟ್ ಪ್ರೆಡಿಕ್ಷನ್ ಸೆಂಟರ್ ಪ್ರತಿ ತಿಂಗಳ ಮೂರನೇ ಗುರುವಾರ ಮೂರು ತಿಂಗಳ ಮುನ್ನೋಟ ಹೊರಡಿಸುತ್ತದೆ. ಅದರಲ್ಲಿ 45% ಎಂದಿದ್ದರೆ 45 ಡಿಗ್ರಿಯೂ ಅಲ್ಲ, 45% ಹೆಚ್ಚು ಬಿಸಿಲೂ ಅಲ್ಲ. ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ವಾಡಿಕೆಗಿಂತ ಕಡಿಮೆ, ಈ ಮೂರಕ್ಕೂ ಸಮಪಾಲು ಕೊಟ್ಟರೆ ತಲಾ 33% ಬರಬೇಕು. ಅದು ಮೇಲಿನ ಕಡೆ 45ಕ್ಕೆ ವಾಲಿದೆ ಎಂದಷ್ಟೇ ಅರ್ಥ. ಕಡಿಮೆಯಾಗುವ ಸಾಧ್ಯತೆ ಆಗಲೂ ಸುಮಾರು 22% ಉಳಿದಿರುತ್ತದೆ. ಅದೂ ಮೂರು ತಿಂಗಳ ಸರಾಸರಿಗೆ. ಯಾವ ವಾರ ಹಿಮ ಬೀಳುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರ ಹುಡುಕಬೇಡಿ. ಡುಲುತ್‌ನ ದಾಖಲೆಯಲ್ಲಿ ಅತಿ ಹೆಚ್ಚು ಹಿಮ ಬಿದ್ದ ತಿಂಗಳು 2013ರ ಏಪ್ರಿಲ್: 50.8 ಇಂಚು, ಅಂದರೆ 129 ಸೆಂಟಿಮೀಟರ್.

ವಸಂತದ ಹಿಮ ತೂಕದ ಹಿಮ. ಜನವರಿಯ ಒಣಹಿಮ ಚದರ ಮೀಟರಿಗೆ 10 ಸೆಂ.ಮೀ. ಬಿದ್ದರೆ ಐದಾರು ಕಿಲೋ. ಏಪ್ರಿಲ್‌ನ ಹಸಿಹಿಮ ಅಷ್ಟೇ ಬಿದ್ದರೆ 15ರಿಂದ 20 ಕಿಲೋ. ಸಲಿಕೆಯಲ್ಲಿ ಅರ್ಧವಷ್ಟೇ ಎತ್ತಿ, ಬಿದ್ದ ಹಾಗೆಯೇ ಎರಡು ಮೂರು ಸಲ ತೆಗೆಯಿರಿ. ಪೂರ್ವದ ಗಾಳಿಯೊಂದಿಗೆ ಬರುವ ಬಿರುಗಾಳಿಯಲ್ಲಿ ದಂಡೆಯಲ್ಲಿ ಮಳೆ ಹನಿಯುತ್ತಿದ್ದರೆ ಗುಡ್ಡದ ಆಚೆಯ ಹರ್ಮನ್‌ಟೌನ್‌ನಲ್ಲಿ ಹಿಮ ಸುರಿಯುತ್ತಿರಬಹುದು. ಕೆಳಗಿನ ರಸ್ತೆ ನೋಡಿ ಮೇಲಿನ ರಸ್ತೆಗೆ ಹೊರಡಬೇಡಿ. ಚಳಿಗಾಲದ ಟೈರನ್ನು ಏಪ್ರಿಲ್ ಮುಗಿಯುವ ತನಕ ಬಿಚ್ಚದಿರುವುದು ಒಳ್ಳೆಯದು. 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡುಸಾಗಿ ಹಿಡಿತ ತಪ್ಪುತ್ತದೆ.

ಹೆಚ್ಚು ಕಳವಳದ ಸಂಗತಿ ಸರೋವರದ ಮಂಜುಗಡ್ಡೆ. ಹೊಸ, ಪಾರದರ್ಶಕ ಗಡ್ಡೆ 10 ಸೆಂ.ಮೀ. ಇದ್ದರೆ ಒಬ್ಬರು ನಡೆಯಬಹುದು ಎಂಬ ಲೆಕ್ಕ ಚಳಿಗಾಲದ್ದು. ಮಾರ್ಚ್‌ನ ಬಿಸಿಲಿಗೆ ಗಡ್ಡೆ ಒಳಗೊಳಗೇ ಉದ್ದುದ್ದ ಸೂಜಿಗಳಂತೆ ಬಿಡಿಬಿಡಿಯಾಗುತ್ತದೆ, 30 ಸೆಂ.ಮೀ. ದಪ್ಪವಿದ್ದರೂ ಕುಸಿಯಬಹುದು. ಜೊತೆಗೆ, ನಿಮಗೆ ಬೆಚ್ಚನೆಯ ದಿನ ತರುವ ಅದೇ ಪಶ್ಚಿಮದ ಗಾಳಿ ಗಡ್ಡೆಯನ್ನು ದಂಡೆಯಿಂದ ಬಿಡಿಸಿ ಒಳಕ್ಕೆ ನೂಕುತ್ತದೆ. ಹಿತವಾಗಿದೆ ಎಂದು ಮಕ್ಕಳನ್ನು ಅದರ ಮೇಲೆ ಬಿಡಲೇಬೇಡಿ. ಈಶಾನ್ಯದ ಗಾಳಿ ಒಡೆದ ಗಡ್ಡೆಗಳನ್ನು ಮತ್ತೆ ಡುಲುತ್‌ನ ಮೂಲೆಗೆ ತಂದು ಗುಡ್ಡೆ ಹಾಕುತ್ತದೆ. 2014ರಲ್ಲಿ ಸುಪೀರಿಯರ್‌ನಲ್ಲಿ ಜೂನ್ ಹುಟ್ಟಿದ ಮೇಲೂ ಗಡ್ಡೆ ತೇಲುತ್ತಿತ್ತು.

ಅಪ್ಪ–ಅಮ್ಮನ ಟಿಕೆಟ್ ಜೂನ್ ಮಧ್ಯಕ್ಕೆ ಮಾಡಿಸಿ. ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣದಲ್ಲೇ ಸರಾಸರಿ ಗರಿಷ್ಠ 9 ಡಿಗ್ರಿಯ ಆಸುಪಾಸು. ದಂಡೆಯಲ್ಲಿ 3 ಡಿಗ್ರಿ ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈಗೆ ಮೈನಸ್ 3ರಂತೆ ತಾಗುತ್ತದೆ. ಏಪ್ರಿಲ್ಲೇ ಅನಿವಾರ್ಯವಾದರೆ ದಪ್ಪ ಸ್ವೆಟರೊಂದೇ ಸಾಲದು, ಅದರ ಮೇಲೆ ಗಾಳಿ ತೂರದ ಜಾಕೆಟ್ ಬೇಕು. ಕಿವಿ ಮುಚ್ಚುವ ಟೋಪಿಯನ್ನೂ ಇಡಿ.

ಹಿತ್ತಲಲ್ಲಿ ಟೊಮೆಟೊ, ಮೆಣಸಿನ ಸಸಿ ನೆಡುವ ಆಸೆಯಿದ್ದರೆ ಮೇ ಕೊನೆಯವರೆಗೂ ಮನೆಯೊಳಗಿನ ಕಿಟಕಿಯ ಬಳಿಯೇ ಇರಲಿ. ಹಣ್ಣಿನ ಮರಗಳಿಗೆ ಮಾತ್ರ ಈ ಚಳಿ ರಕ್ಷೆ: ದೊಡ್ಡ ಸರೋವರಗಳ ದಂಡೆಯಲ್ಲಿ ಮೊಗ್ಗು ತಡವಾಗಿ ಒಡೆಯುವುದರಿಂದ ವಸಂತದ ಕೊನೆಯ ಕೊರೆತಕ್ಕೆ ಹೂವು ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಇಂಥ ಸರೋವರಗಳ ದಂಡೆಯಲ್ಲೇ ಇರುವ ಮಿಷಿಗನ್ ರಾಜ್ಯದಲ್ಲಿ 2012ರ ಮಾರ್ಚ್ ವಿಪರೀತ ಬಿಸಿಯಾಗಿ ಚೆರ್ರಿ ಮೊಗ್ಗುಗಳು ವಾರಗಟ್ಟಲೆ ಮುಂಚೆ ಒಡೆದವು. ಏಪ್ರಿಲ್‌ನ ಕೊರೆತಕ್ಕೆ ಹುಳಿ ಚೆರ್ರಿಯ ಬೆಳೆಯಲ್ಲಿ ಸುಮಾರು 90% ಹೋಯಿತು. ಮಾರ್ಚ್‌ನಲ್ಲೇ 20 ಡಿಗ್ರಿ ಬಂದರೆ ತೋಟದವರು ಹಿಗ್ಗದೆ ಆಕಾಶ ನೋಡುವುದು ಇದಕ್ಕೇ.