ದಿನಾ ನಡೆಯುತ್ತೀರಿ, ಸರಿ. ಕುರ್ಚಿಯಿಂದ ಏಳುತ್ತೀರಾ?

ಫಿಸಿಯೋಥೆರಪಿಗೆ ಬರುವವರೆಲ್ಲ ಸೋಮಾರಿಗಳು ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. ನನ್ನ ಹತ್ತಿರ ಬರುವ ಅರವತ್ತು ದಾಟಿದವರಲ್ಲಿ ಬಹಳಷ್ಟು ಮಂದಿ ಬೆಳಗ್ಗೆ ತಪ್ಪದೆ ನಡೆಯುವವರು. ನಿನ್ನೆ ಎಷ್ಟು ಹೆಜ್ಜೆ, ಇವತ್ತು ಎಷ್ಟು ಅಂತ ವಾಚಿನಲ್ಲಿ ತೋರಿಸುವವರು. ಅವರಿಗೇ "ಕೈ ಊರದೆ ಕುರ್ಚಿಯಿಂದ ಎದ್ದು ನಿಲ್ಲಿ, ನೋಡೋಣ" ಅಂದರೆ ತಡವರಿಸುತ್ತಾರೆ. ಮೊದಲ ಸಲ ಮುಂದಕ್ಕೆ ಬಾಗಿ ಮತ್ತೆ ಹಿಂದಕ್ಕೇ ಕೂರುತ್ತಾರೆ. ಎರಡನೇ ಸಲ ತೋಳು ಬೀಸಿ, ಆ ರಭಸದಲ್ಲಿ ಅರ್ಧ ಏಳುತ್ತಾರೆ. ಮೂರನೇ ಸಲ ಅಂಗೈ ಮೆಲ್ಲಗೆ ತೊಡೆಯ ಮೇಲೆ ಬರುತ್ತದೆ. ಎದ್ದು ನಿಂತ ಮೇಲೆ ಒಂದೇ ಮಾತು: "ಆದ್ರೆ ನಾನು ದಿನಾ ವಾಕಿಂಗ್ ಮಾಡ್ತೀನಲ್ಲ ಮೇಡಂ!"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಡಿಗೆಯ ಮೇಲೆ ನನಗೆ ಯಾವ ಕೋಪವೂ ಇಲ್ಲ. ಹೃದಯಕ್ಕೆ, ಬಿಪಿಗೆ, ನಿದ್ದೆಗೆ, ಮನಸ್ಸಿಗೆ ಅದು ಒಳ್ಳೆಯದು. ಕೂತೇ ಇರುವುದಕ್ಕಿಂತ ಓಡಾಡುವುದು ಹೃದಯವನ್ನು ಕಾಯುತ್ತದೆ ಅನ್ನೋದಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಅಂತ ಜೆರೆಮಿ ಮಾರಿಸ್ ಮತ್ತು ಅವರ ಜೊತೆಗಾರರು 1953ರಲ್ಲಿ ತೋರಿಸಿದರು. ಆದರೆ ಗಮನಿಸಿ, ಆ ಕಂಡಕ್ಟರುಗಳು ಮಾಡುತ್ತಿದ್ದದ್ದು ಬರೀ ನಡಿಗೆಯಲ್ಲ. ಅವರು ಇಡೀ ದಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಅರ್ಧ ಮಾತ್ರ ಎಲ್ಲರಿಗೂ ಗೊತ್ತಿದೆ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ಇಲ್ಲವೇ 75ರಿಂದ 150 ನಿಮಿಷ ಏದುಸಿರು ಬರುವಂಥದ್ದು. ಇದು ಮೊದಲ ಅರ್ಧ. ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಮೈಯ ದೊಡ್ಡ ಸ್ನಾಯುಗಳಿಗೆಲ್ಲ ಬಲ ಬರುವ ವ್ಯಾಯಾಮ ಮಾಡಬೇಕು. 65 ದಾಟಿದವರು ಸಮತೋಲನ ಮತ್ತು ಬಲದ ವ್ಯಾಯಾಮಕ್ಕೆ ವಾರದಲ್ಲಿ ಮೂರು ದಿನವಾದರೂ ಕೊಡಬೇಕು. ಈ ಎರಡನೇ ಅರ್ಧವನ್ನು ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. "ಅದು ಹುಡುಗರಿಗೆ ಅಲ್ವಾ?" ಅನ್ನುತ್ತಾರೆ.

ಅಲ್ಲ. ಹುಡುಗರಿಗಿಂತ ನಿಮಗೇ ಅದು ಜಾಸ್ತಿ ಬೇಕು. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇಕಡ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಬಲವಂತೂ ಸ್ನಾಯುವಿನ ಗಾತ್ರಕ್ಕಿಂತ ಬೇಗ ಇಳಿಯುತ್ತದೆ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ. ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತದೆ, ಮುಳ್ಳು ಅಲ್ಲೇ ನಿಂತಿರುತ್ತದೆ.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಹತ್ತರಲ್ಲಿ ಎಂಟು ಮಂದಿ ಕೇಳುವ ಪ್ರಶ್ನೆ: "ಸರಿ ಮೇಡಂ, ಹಾಗಾದ್ರೆ ಇನ್ನೂ ಅರ್ಧ ಗಂಟೆ ಜಾಸ್ತಿ ನಡೀಲಾ?"

ಇಲ್ಲಿಯೇ ನಾನು ಸ್ವಲ್ಪ ತಾಳ್ಮೆ ಕಳೆದುಕೊಳ್ಳುತ್ತೇನೆ. ಹೊತ್ತು ಬೇರೆ, ಭಾರ ಬೇರೆ. ಒಂದು ಗಂಟೆ ನಡೆದರೂ ಎರಡು ಗಂಟೆ ನಡೆದರೂ ಪ್ರತಿ ಹೆಜ್ಜೆಯಲ್ಲಿ ತೊಡೆಯ ಮೇಲೆ ಬೀಳುವ ಭಾರ ಅಷ್ಟೇ. ಹೊತ್ತು ಹೆಚ್ಚಿಸಿದರೆ ದಮ್ಮು ಹೆಚ್ಚಬಹುದು. ತೊಡೆಯ ಬಲ ಹೆಚ್ಚುವುದಿಲ್ಲ.

ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸ್ನಾಯು ಅಂದರೆ ಸಣ್ಣ ಸಣ್ಣ ಎಳೆಗಳ ಕಟ್ಟು. ಒಂದೊಂದು ನರದ ಕೈಕೆಳಗೆ ಎಳೆಗಳ ಒಂದೊಂದು ಗುಂಪು ಇರುತ್ತದೆ. ಕೆಲವು ಗುಂಪು ಚಿಕ್ಕವು. ಅವುಗಳ ಬಲ ಕಡಿಮೆ, ಆದರೆ ಬೇಗ ಸುಸ್ತಾಗುವುದಿಲ್ಲ. ಕೆಲವು ದೊಡ್ಡವು. ಅವುಗಳ ಬಲ ಜೋರು, ವೇಗವೂ ಜೋರು, ಆದರೆ ಬೇಗ ದಣಿಯುತ್ತವೆ. ಕೆಲಸ ಬಂದಾಗ ದೇಹ ಮೊದಲು ಚಿಕ್ಕ ಗುಂಪುಗಳನ್ನೇ ಕರೆಯುತ್ತದೆ. ಅವುಗಳಿಂದ ಆಗದಿದ್ದರೆ ಮಾತ್ರ ದೊಡ್ಡವನ್ನು ಕರೆಯುತ್ತದೆ. ಎಲ್ವುಡ್ ಹೆನ್ನೆಮನ್ ಎಂಬ ವಿಜ್ಞಾನಿ 1950–60ರ ದಶಕಗಳಲ್ಲಿ ಈ ಕ್ರಮವನ್ನು ಕಂಡುಕೊಂಡರು. ಕುರ್ಚಿ ಸರಿಸೋದಕ್ಕೆ ಮನೆಯ ಒಬ್ಬ ಹುಡುಗ ಸಾಕು, ಬೀರು ಎತ್ತುವಾಗ ಮಾತ್ರ ಅಕ್ಕಪಕ್ಕದವರನ್ನು ಕೂಗುತ್ತೇವೆ, ಹಾಗೆ. ಸಮತಟ್ಟು ರಸ್ತೆಯಲ್ಲಿ ನಡೆಯುವುದು ಕುರ್ಚಿ ಸರಿಸುವ ಕೆಲಸ. ವರ್ಷಗಟ್ಟಲೆ ಯಾರೂ ಕೂಗದಿದ್ದರೆ ಅಕ್ಕಪಕ್ಕದವರು ಮನೆ ಖಾಲಿ ಮಾಡಿಕೊಂಡು ಹೋಗುತ್ತಾರೆ.

ಹೀಗೆ ಹೋಗುವ ಎಳೆಗಳೇ ಕಷ್ಟಕಾಲಕ್ಕೆ ಬೇಕಾದವು. ಎಡವಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಕಾಲು ಮುಂದೆ ಬಂದು ಮೈಯ ಭಾರ ಹಿಡಿಯಬೇಕು. ತಗ್ಗಿನ ಕುರ್ಚಿಯಿಂದ ಏಳಬೇಕು. ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬೇಕು. ವಯಸ್ಸಾದಂತೆ ಮೊದಲು ಸೊರಗುವವೂ ಇವೇ, ವೇಗದ ಎಳೆಗಳು. ದಿನಾ ನಡೆಯುವವರು ಎಡವಿದಾಗ ಬಿದ್ದುಬಿಡುವುದು ಯಾಕೆ ಅನ್ನುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಕಣ್ಣು, ಕಿವಿ, ಮಾತ್ರೆಗಳು, ಕಾಲಿನ ಸ್ಪರ್ಶ ಇವೆಲ್ಲವೂ ಕಾರಣವಾಗಬಹುದು. ಹಾಗಾಗಿ ಪದೇ ಪದೇ ಬೀಳುವವರು ಸುಮ್ನೆ ವ್ಯಾಯಾಮ ಶುರು ಮಾಡದೆ ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು.

ನಿವೃತ್ತ ಟೀಚರ್ ಒಬ್ಬರು ಮಣಿಕಟ್ಟು ಮುರಿದುಕೊಂಡು, ಪ್ಲಾಸ್ಟರ್ ತೆಗೆದ ಮೇಲೆ ನನ್ನ ಹತ್ತಿರ ಬಂದರು. ಮ್ಯಾಟಿನ ಅಂಚಿಗೆ ಕಾಲು ಸಿಕ್ಕಿ ಬಿದ್ದಿದ್ದರು. ಅವರ ಪ್ರಕಾರ ತಪ್ಪೆಲ್ಲ ಮ್ಯಾಟಿನದು. ಮ್ಯಾಟ್ ತೆಗೆಸಿದ್ದರು, ಹೊಸ ಶೂ ತಂದಿದ್ದರು, ನಡಿಗೆ ಇನ್ನೂ ಒಂದು ಸುತ್ತು ಹೆಚ್ಚಿಸಿದ್ದರು. ಕೈಗೆ ಮಾಡಬೇಕಾದ್ದನ್ನು ಮಾಡುತ್ತಲೇ ನಾನು ಅವರು ಕೂರುವುದನ್ನು ನೋಡುತ್ತಿದ್ದೆ. ಏಳುವುದಕ್ಕಿಂತ ಕೂರುವುದು ಹೆಚ್ಚು ಹೇಳುತ್ತದೆ. ಮೊಣಕಾಲು ಮಡಚುತ್ತಾ ಚೆನ್ನಾಗಿಯೇ ಇಳಿಯುತ್ತಾರೆ, ಕೊನೆಯ ನಾಲ್ಕು ಬೆರಳಿನಷ್ಟು ದೂರ ಬಂದಾಗ ದೊಪ್ಪನೆ ಬೀಳುತ್ತಾರೆ. ಆ ನಾಲ್ಕು ಬೆರಳಿನ ಜಾಗದಲ್ಲಿ ತೊಡೆಗೆ ಮೈಭಾರ ಹಿಡಿಯಲು ಆಗುತ್ತಿಲ್ಲ ಅಂತ ಅರ್ಥ.

ಅವರಿಗೆ ಕೊಟ್ಟ ಮೊದಲ ಪಾಠ ಅದೇ. ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿದೆವು. ತೋಳು ಎದೆಯ ಮೇಲೆ. ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸುತ್ತಾ ಕೂರಬೇಕು, ಶಬ್ದ ಬರಬಾರದು. ಆಮೇಲೆ ಏಳಬೇಕು. ಹತ್ತು ಸಲ ಸುಲಭವಾದಾಗ ದಿಂಬು ತೆಗೆದೆವು. ಅದೂ ಸುಲಭವಾದಾಗ ನೀರಿನ ಬಾಟಲಿ ಹಾಕಿದ ಚೀಲವನ್ನು ಎದೆಗೆ ಅಪ್ಪಿಕೊಳ್ಳಲು ಹೇಳಿದೆ. "ಇಷ್ಟು ಸಲೀಸಾಗಿದೆ, ಮತ್ತೆ ಯಾಕೆ ಕಷ್ಟ ಮಾಡ್ತೀರಿ?" ಅಂತ ಕೇಳಿದರು. ಸಲೀಸಾಗಿರುವುದರಿಂದಲೇ ಅಂದೆ. ಜೀವನಪೂರ್ತಿ ಮಕ್ಕಳಿಗೆ ಪಾಠ ಏರಿಸುತ್ತಾ ಬಂದವರು ಅವರು. ಥಟ್ಟನೆ ಹಿಡಿದುಕೊಂಡರು.

ಭಾರ ಏರುತ್ತಾ ಹೋಗಬೇಕು ಅನ್ನುವುದು ಹೊಸ ಮಾತಲ್ಲ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲುಗಳನ್ನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಹೀಗೆಯೇ ಪಳಗಿಸಿದರು. ಹಗುರ ಭಾರವನ್ನು ನೂರಾರು ಸಲ ಎತ್ತಿಸುವುದರ ಬದಲು, ಹೆಚ್ಚು ಭಾರವನ್ನು ಕಡಿಮೆ ಸಲ ಎತ್ತಿಸಿ ಮೆಲ್ಲಗೆ ಏರಿಸಿದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇವತ್ತಿಗೂ ನಮ್ಮ ಕೆಲಸದ ಬುಡ ಅದೇ.

"ಈ ವಯಸ್ಸಲ್ಲಿ ಏನು ಬಲ ಬರುತ್ತೆ ಬಿಡಿ" ಅನ್ನುವವರಿಗೆ ನಾನು 1990ರ ಒಂದು ಅಧ್ಯಯನದ ಕಥೆ ಹೇಳುತ್ತೇನೆ. ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಮತ್ತು ಅವರ ತಂಡ ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ತೊಡೆಯ ಭಾರದ ವ್ಯಾಯಾಮ ಕೊಟ್ಟಿತು. ಎಂಟು ವಾರ. ಹಗುರ ಭಾರವಲ್ಲ, ನಿಜವಾಗಿ ಕಷ್ಟವಾಗುವಷ್ಟು. ಪೂರ್ತಿ ಮಾಡಿದವರ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು, ಅಂದರೆ ಮೊದಲಿದ್ದದ್ದರ ಎರಡೂ ಮುಕ್ಕಾಲು ಪಟ್ಟು. ಹತ್ತೇ ಮಂದಿಯ ಅಧ್ಯಯನ, ಜೊತೆಗೆ ನೋಡಿಕೊಳ್ಳುವವರು ಇದ್ದರು, ಎಲ್ಲರಿಗೂ ಇಷ್ಟೇ ಫಲ ಸಿಗುತ್ತದೆ ಅಂತ ನಾನು ಹೇಳಲಾರೆ. ಆದರೆ ತೊಂಬತ್ತಕ್ಕೆ ಬಾಗಿಲು ಮುಚ್ಚಿಲ್ಲ ಅಂತ ಗೊತ್ತಾಯಿತಲ್ಲ. ಅದೇ ಜನ ನಾಲ್ಕು ವಾರ ಬಿಟ್ಟಾಗ ಬಲ ಸುಮಾರು ಮೂರನೇ ಒಂದು ಭಾಗ ಇಳಿದೇಹೋಯಿತು. "ಒಂದು ಸಲ ಬಲ ಬಂದ್ಮೇಲೆ ನಿಲ್ಲಿಸಬಹುದಾ?" ಅನ್ನುವ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

"ಮನೆಕೆಲಸವೇ ಸಾಕಷ್ಟಿದೆ" ಅನ್ನುವ ಹೆಂಗಸರು ಬಹಳ. ಅವರ ದಣಿವು ನಿಜ, ಅದನ್ನು ನಾನು ಎಂದೂ ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಅದೇ ಬಕೆಟ್, ಅದೇ ನೆಲ. ದೇಹ ಅದಕ್ಕೆ ಎಂದೋ ಒಗ್ಗಿಹೋಗಿದೆ. ದಣಿವು ಬರುತ್ತದೆ, ಬಲ ಬರುವುದಿಲ್ಲ. ಭಾರ ಎತ್ತಿದರೆ ಮೈ ಗಂಡಸರ ಹಾಗಾಗುತ್ತದೆ ಅನ್ನುವ ಭಯಕ್ಕೆ ಆಧಾರವಿಲ್ಲ, ಅದನ್ನು ಇಲ್ಲಿಗೇ ಬಿಡೋಣ.

ಮೊಣಕಾಲು ನೋವಿನವರ ಮಾತು ಬೇರೆ. ಸವೆತ ಇದೆ ಅಂತ ಎಕ್ಸ್‌ರೇಯಲ್ಲಿ ನೋಡಿದ ದಿನದಿಂದ ಮೆಟ್ಟಿಲು ಬಿಡುತ್ತಾರೆ, ಬಗ್ಗುವುದನ್ನು ಬಿಡುತ್ತಾರೆ. ತೊಡೆ ಇನ್ನೂ ಸೊರಗುತ್ತದೆ, ಕೀಲಿನ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ, ನೋವು ಜಾಸ್ತಿಯಾಗುತ್ತದೆ. ಮೊಣಕಾಲಿನ ಸವೆತಕ್ಕೆ ಮೊದಲು ಕೊಡುವ ಚಿಕಿತ್ಸೆಗಳಲ್ಲಿ ತೊಡೆಗೆ ಬಲ ಕೊಡುವ ವ್ಯಾಯಾಮವೂ ಒಂದು. ಎಲ್ಲಿಂದ ಶುರು ಮಾಡಬೇಕು, ಎಷ್ಟು ಬಗ್ಗಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಅದನ್ನು ಕಾಲು ಮುಟ್ಟಿ ನೋಡದೆ ಹೇಳಲಾಗುವುದಿಲ್ಲ.

ಇನ್ನೊಂದು ಗೀಳು, ಸ್ಪಂಜಿನ ಚೆಂಡು ಹಿಸುಕುವುದು. 17 ದೇಶಗಳ ಸುಮಾರು 1.4 ಲಕ್ಷ ಜನರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈಯ ಹಿಡಿತ ಸಡಿಲವಾಗಿದ್ದವರಲ್ಲಿ ಸಾವಿನ ಅಪಾಯ ಹೆಚ್ಚು ಕಂಡುಬಂತು. ಅಲ್ಲಿ ಹಿಡಿತ ಅನ್ನುವುದು ಇಡೀ ಮೈಯ ಬಲದ ಗುರುತು ಅಷ್ಟೇ. ಮುಂಗೈ ಒಂದನ್ನೇ ಗಟ್ಟಿ ಮಾಡಿಕೊಂಡರೆ ಆಯುಸ್ಸು ಬೆಳೆಯುವುದಿಲ್ಲ.

ನಿಮ್ಮ ಕಾಲು ಹೇಗಿದೆ ಅಂತ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಸುಮಾರು 43 ಸೆಂಟಿಮೀಟರ್ ಎತ್ತರದ, ಕೈ ಇಲ್ಲದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ತೋಳು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 65ರಿಂದ 69ರ ವಯಸ್ಸಿನಲ್ಲಿ ಹೆಂಗಸರಿಗೆ 11ಕ್ಕಿಂತ ಕಡಿಮೆ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬಲ ಕುಗ್ಗಿದೆ ಅಂತ ನಾವು ಎಚ್ಚರ ವಹಿಸುತ್ತೇವೆ. ಕಡಿಮೆ ಬಂದರೆ ಅದೇ ಒಂದು ಕಾಯಿಲೆ ಅಂತ ಗಾಬರಿಯಾಗಬೇಡಿ. ಒಬ್ಬರೇ ಇರುವಾಗ ಇದನ್ನು ಮಾಡಲೂ ಬೇಡಿ.

ಎಷ್ಟು ಭಾರ ಅಂತ ಕೇಳುತ್ತೀರಿ. ಎಂಟರಿಂದ ಹನ್ನೆರಡು ಸಲ ಮಾಡಿದಾಗ ಕೊನೆಯ ಎರಡು ಮೂರು ಕಷ್ಟ ಅನ್ನಿಸಬೇಕು, ಆದರೆ ಮೈ ವಾಲಬಾರದು. ಮರುದಿನವೋ ಅದರ ಮರುದಿನವೋ ಸ್ನಾಯು ಹಿಡಿದುಕೊಂಡ ಹಾಗಿದ್ದರೆ ಸರಿ. ಕೀಲು ಊದಿಕೊಂಡರೆ, ಚುಚ್ಚುವ ನೋವು ಬಂದರೆ ಸರಿಯಲ್ಲ. ಉಸಿರು ಬಿಗಿಹಿಡಿಯಬೇಡಿ, ಬಿಪಿ ಏರುತ್ತದೆ. ಜೋರಾಗಿ ಎಣಿಸಿ ಅನ್ನುವುದು ಅದಕ್ಕೇ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಬಿಪಿ ಹತೋಟಿಯಲ್ಲಿ ಇಲ್ಲದವರು, ಹರ್ನಿಯಾ ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಬೆನ್ನುಮೂಳೆ ಟೊಳ್ಳಾಗಿ ಬಿರುಕು ಬಿಟ್ಟವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರೂ ಅಷ್ಟೇ. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಅದು ಒಳ್ಳೆಯದೇ, ಆದರೆ ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಇಳಿಯಬಾರದು.

ಮೊದಲ ಎರಡು ಮೂರು ವಾರದಲ್ಲೇ ಏಳುವುದು ಹಗುರ ಅನ್ನಿಸುತ್ತದೆ. ತೊಡೆ ದಪ್ಪವಾಗಿರುವುದಿಲ್ಲ. ನರಗಳು ಮಲಗಿದ್ದ ಗುಂಪುಗಳನ್ನು ಮತ್ತೆ ಕರೆಯಲು ಕಲಿತಿರುತ್ತವೆ, ಅಷ್ಟೇ. ಸ್ನಾಯು ಬೆಳೆಯಲು ಇನ್ನೂ ಕೆಲವು ವಾರ ಬೇಕು. ವಾಕಿಂಗ್ ಬಿಡಬೇಕಿಲ್ಲ. ಸಮಯ ಸಾಲದಿದ್ದರೆ ವಾರದಲ್ಲಿ ಎರಡು ದಿನ ನಡಿಗೆಯಿಂದ ಇಪ್ಪತ್ತು ನಿಮಿಷ ತೆಗೆದು ಇದಕ್ಕೆ ಕೊಡಿ.

ಮಕ್ಕಳಿಗೂ ಒಂದು ಮಾತು ಹೇಳಬೇಕು. ಅಪ್ಪ ಅಮ್ಮನನ್ನು ಕರೆತರುವ ಮಕ್ಕಳ ಅಕ್ಕರೆ ನೋಡಿದರೆ ಸಂತೋಷವಾಗುತ್ತದೆ. "ನೀನು ಕೂತ್ಕೋಮ್ಮಾ, ನಾನು ತರ್ತೀನಿ" ಅಂತ ಏಳಲೂ ಬಿಡುವುದಿಲ್ಲ. ಚೀಲ ಕಿತ್ತುಕೊಳ್ಳುತ್ತಾರೆ, ಎರಡೂ ತೋಳು ಹಿಡಿದು ಎತ್ತುತ್ತಾರೆ. ಅವರಿಗೆ ಉಳಿದಿರುವ ಸ್ವಲ್ಪ ಭಾರವನ್ನೂ ಪ್ರೀತಿಯಿಂದಲೇ ತೆಗೆದುಬಿಡುತ್ತೀರಿ. ಏಳಲಿ ಬಿಡಿ, ಎರಡು ನಿಮಿಷ ಹಿಡಿದರೆ ಹಿಡಿಯಲಿ. ಬೀಳುವ ಭಯವಿದ್ದರೆ ಪಕ್ಕದಲ್ಲಿ ಸ್ವಲ್ಪ ಹಿಂದೆ ನಿಂತು, ಒಂದು ಕೈಯನ್ನು ಅವರ ಸೊಂಟದ ಹತ್ತಿರ ಇಟ್ಟುಕೊಳ್ಳಿ. ತೋಳು ಹಿಡಿದು ಮಾತ್ರ ಎಳೆಯಬೇಡಿ, ಭುಜದ ಕೀಲಿಗೆ ಪೆಟ್ಟಾಗುತ್ತದೆ.