ಹಾಳೆಯ ಆಕಾರ, ಕನ್ನಡದ ಅಕ್ಷರ: ಟ್ಯಾಬ್ಲೆಟ್ ಪೈಪೋಟಿ ಬಂದ ದಾರಿ

ಉಡುಪಿಯಲ್ಲಿರುವ ನನ್ನ ಭಾವ ಹವ್ಯಾಸಿ ಭಾಗವತರು, ಯಕ್ಷಗಾನದ ಪದ್ಯ ಹಾಡುವವರು. ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಗೆ ಹೋಗುವಾಗ ಈಗ ಪ್ರಸಂಗ ಪುಸ್ತಕದ ಕಟ್ಟು ಒಯ್ಯುವುದಿಲ್ಲ, ಟ್ಯಾಬ್ಲೆಟ್ ಒಯ್ಯುತ್ತಾರೆ. ಮೊನ್ನೆ ಫೋನ್ ಮಾಡಿದ್ದರು. "ಹಳೇದು ನಿಧಾನ ಆಗಿದೆ ಮಾರಾಯ. ಹೊಸ ಐಪ್ಯಾಡ್ ಬರ್ತದಂತೆ. ಕಾಯುವುದಾ, ಇಲ್ಲ ಈಗ ಸಿಗುವ ಬೇರೆ ಯಾವುದಾದ್ರೂ ತೆಗೊಳ್ಳುವುದಾ?"

ಕಾಯಬೇಕೋ ಬೇಡವೋ ಎಂಬ ಈ ಪ್ರಶ್ನೆ ಟ್ಯಾಬ್ಲೆಟ್‌ಗಳಷ್ಟೇ ಹಳೆಯದು. ಮೊದಲ ಐಪ್ಯಾಡ್ ಬರುವ ಮೊದಲೇ ಅದರ ಬಗ್ಗೆ ವದಂತಿಗಳ ಸಾಲೇ ಇತ್ತು. ಕ್ಯಾಮೆರಾ ಇರುತ್ತದೆ ಎಂದರು. ಬೆಲೆ ಸಾವಿರ ಡಾಲರ್ ಹತ್ತಿರ ಎಂದರು. 2010ರ ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟೀವ್ ಜಾಬ್ಸ್ ಮೊದಲು 999 ಎಂಬ ಅಂಕಿ ತೋರಿಸಿ, ಆಮೇಲೆ ಅದನ್ನು 499ಕ್ಕೆ ಇಳಿಸಿದರು. ಕ್ಯಾಮೆರಾ ಮಾತ್ರ ಇರಲಿಲ್ಲ. ಮೆಮೊರಿ ಕಾರ್ಡ್ ಹಾಕಲು ಜಾಗವೂ ಇರಲಿಲ್ಲ. ತೂಕ ಸುಮಾರು 680 ಗ್ರಾಂ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಟ್ಯಾಬ್ ತೋರಿಸಿತು. 7 ಇಂಚು, 380 ಗ್ರಾಂ. ಹಿಂದೆ ಮುಂದೆ ಎರಡೂ ಕಡೆ ಕ್ಯಾಮೆರಾ, ಕಾರ್ಡ್‌ಗೆ ಜಾಗ, ಸಿಮ್ ಹಾಕಿದರೆ ಫೋನ್ ಕೂಡ ಮಾಡಬಹುದು. ಪಟ್ಟಿ ಮಾಡಿ ನೋಡಿದರೆ ಗೆದ್ದದ್ದು ಸ್ಯಾಮ್‌ಸಂಗ್. ಜನ ಕೊಂಡದ್ದು ಜಾಸ್ತಿ ಐಪ್ಯಾಡನ್ನೇ. ಯಾಕೆಂದರೆ ದೊಡ್ಡ ಪರದೆಗೆಂದೇ ಮಾಡಿದ ಆ್ಯಪ್‌ಗಳು ಅದರಲ್ಲಿದ್ದವು. ಆಂಡ್ರಾಯ್ಡ್‌ನಲ್ಲಿ ಫೋನಿನ ಆ್ಯಪ್‌ಗಳನ್ನೇ ಹಿಗ್ಗಿಸಿ ತೋರಿಸಬೇಕಿತ್ತು. ಟ್ಯಾಬ್ಲೆಟ್‌ಗೆಂದೇ ರೂಪಿಸಿದ ಆಂಡ್ರಾಯ್ಡ್ 3.0 ಬಂದದ್ದು 2011ರ ಫೆಬ್ರುವರಿಯಲ್ಲಿ. ಆಗಲೇ ಒಂದು ವರ್ಷ ಕಳೆದಿತ್ತು. 2011ರಲ್ಲಿ ಬಂದ ಎಚ್‌ಪಿ ಟಚ್‌ಪ್ಯಾಡ್ ಅಂತೂ 49 ದಿನಕ್ಕೇ ನಿಂತುಹೋಯಿತು.

ನಮ್ಮ ದೇಶದಲ್ಲಿ ಐಪ್ಯಾಡ್ ಮಾರಾಟ ಶುರುವಾದದ್ದು 2011ರ ಜನವರಿಯಲ್ಲಿ, 27,900 ರೂಪಾಯಿಯಿಂದ. ಅದೇ ವರ್ಷ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು 'ಆಕಾಶ್' ತಂದಿತು. ಆಗ ಎಷ್ಟೊಂದು ಆಸೆ ಇತ್ತು! ಆದರೆ 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಮುಟ್ಟಿದರೆ ಸಾಲದೆ, ಒತ್ತಿದರೆ ಮಾತ್ರ ಓಗೊಡುವ ಪರದೆ. ಮರುವರ್ಷ ಆಕಾಶ್ 2ರಲ್ಲಿ ಇವನ್ನೆಲ್ಲ ಸುಧಾರಿಸಿದರು. ಆದರೂ ಅದು ಮನೆಮನೆಗೆ ತಲುಪಲಿಲ್ಲ. ಆ ಕನಸು ಕೈಗೂಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಇನ್ನು ಹೋಲಿಕೆಯ ಪಟ್ಟಿಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ವಿಷಯಕ್ಕೆ ಬರುತ್ತೇನೆ. ಅದು ಪರದೆಯ ಆಕಾರ. ಭಾವನ ಕೆಲಸಕ್ಕೆ ಮುಖ್ಯವಾದದ್ದು ಇದೇ.

ಐಪ್ಯಾಡ್ ಪರದೆಯ ಉದ್ದ ಅಗಲಕ್ಕೆ 4:3 ಪ್ರಮಾಣ ಹಿಡಿಯಿತು. 2011ರ ಮೊಟೊರೋಲಾ ಝೂಮ್‌ನಿಂದ ಹಿಡಿದು ಹೆಚ್ಚಿನ ಆಂಡ್ರಾಯ್ಡ್ ಟ್ಯಾಬ್‌ಗಳು 16:10 ಹಿಡಿದವು. ಅಡ್ಡ ಹಿಡಿದು ಸಿನಿಮಾ ನೋಡಲು ಅದು ಚೆಂದ. ಆದರೆ ಓದಲು ನೇರ ಹಿಡಿಯಬೇಕಲ್ವಾ? ಮೂಲೆಯಿಂದ ಮೂಲೆಗೆ 10 ಇಂಚಿನ 4:3 ಪರದೆ ನೇರ ಹಿಡಿದರೆ 6 ಇಂಚು ಅಗಲ, 8 ಇಂಚು ಉದ್ದ. ಅದೇ 10 ಇಂಚಿನ 16:10 ಪರದೆಯ ಅಗಲ 5.3 ಇಂಚು ಮಾತ್ರ. ಇಂಚು ಒಂದೇ ಆದರೂ ಅಕ್ಷರದ ಗಾತ್ರ ಒಂದೇ ಅಲ್ಲ. ಭಾವನ ಪ್ರಸಂಗಗಳೆಲ್ಲ ಎ4 ಹಾಳೆಯ ಪಿಡಿಎಫ್. ಅವರ ಹಳೆಯ ಟ್ಯಾಬ್‌ನಲ್ಲಿ ಹಾಳೆಯ ಮೇಲೆ ಕೆಳಗೆ ಬಿಳಿ ಜಾಗ ಸುಮ್ನೆ ಉಳಿಯುತ್ತದೆ. ಅಕ್ಷರ ಸಣ್ಣದಾಗುತ್ತದೆ. ಹಿಗ್ಗಿಸಿದರೆ ಸಾಲಿನ ಕೊನೆ ಆಚೆ ಹೋಗುತ್ತದೆ. ಒಂದು ಕೈಯಲ್ಲಿ ಜಾಗಟೆ, ಇನ್ನೊಂದರಲ್ಲಿ ಕೋಲು ಹಿಡಿದು ಪದ್ಯ ಹೇಳುವವರು ಪರದೆ ಎಳೆಯುತ್ತ ಕೂರುವುದು ಹೇಗೆ?

ಕಂಪನಿಗಳೂ ಈ ವಿಷಯದಲ್ಲಿ ಅತ್ತಿತ್ತ ಓಲಾಡಿವೆ. ಸ್ಯಾಮ್‌ಸಂಗ್ 2015ರ ಟ್ಯಾಬ್ ಎಸ್2ರಲ್ಲಿ 4:3ಕ್ಕೆ ಬಂತು, 2018ರ ಎಸ್4ರಲ್ಲಿ 16:10ಕ್ಕೆ ಮರಳಿತು. ಒನ್‌ಪ್ಲಸ್ 2023ರಲ್ಲಿ ತನ್ನ ಮೊದಲ ಪ್ಯಾಡ್‌ಗೆ 7:5 ಆರಿಸಿತು, ಅಂದರೆ ಹೆಚ್ಚುಕಡಿಮೆ ಎ4 ಹಾಳೆಯದೇ ಆಕಾರ. ಶಿಯೋಮಿ ಪ್ಯಾಡ್ 6ರಲ್ಲಿ 16:10 ಇಟ್ಟು ಪ್ಯಾಡ್ 7ರಲ್ಲಿ 3:2ಕ್ಕೆ ಬದಲಾಯಿತು. ಓದುವವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ.

ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣದ ಇನ್ನೊಂದು ಸಂಗತಿ ನಮ್ಮ ಭಾಷೆ. ಮೊದಲ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕನ್ನಡ ಪುಟ ತೆರೆದರೆ ಅಕ್ಷರದ ಬದಲು ಚೌಕಗಳು ಕಾಣುತ್ತಿದ್ದವು. ಆಂಡ್ರಾಯ್ಡ್‌ಗೆ ಕನ್ನಡದ ಬೆಂಬಲ ಸಿಕ್ಕಿದ್ದು 2012ರ 4.1ರಲ್ಲಿ. ಐಪ್ಯಾಡ್‌ಗೆ ಆ್ಯಪಲ್‌ನದೇ ಕನ್ನಡ ಕೀಬೋರ್ಡ್ ಸಿಕ್ಕಿದ್ದು 2017ರಲ್ಲಿ, ಐಒಎಸ್ 11ರ ಜೊತೆ. ಮೊದಲ ಐಪ್ಯಾಡ್ ಬಂದು ಏಳು ವರ್ಷದ ಮೇಲೆ! 2014ರಿಂದ ಬೇರೆಯವರ ಕೀಬೋರ್ಡ್ ಹಾಕಿಕೊಳ್ಳಲು ಅವಕಾಶ ಇತ್ತು, ನಿಜ. ಆದರೆ ಇಷ್ಟು ಜನ ಆಡುವ ಭಾಷೆಗೆ ಅಷ್ಟು ತಡ ಮಾಡಬಾರದಿತ್ತು. ಈಗ ನಮ್ಮ ಕಡೆಯವರು ಇನ್ನೊಂದಕ್ಕೆ ಕಾಯಬೇಕಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ, ಕಂಪ್ಯೂಟರಿನ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ಜಾಗ ಸಿಕ್ಕಿದರೆ ಸಾಲದು. ಟ್ಯಾಬ್‌ನೊಳಗೆ ಫಾಂಟ್ ಬೇಕು, ಕೀಬೋರ್ಡ್ ಬೇಕು. ಹೊಸ ಟ್ಯಾಬ್ಲೆಟ್ ಬಂದಾಗಲೆಲ್ಲ ನಾನು ಮೊದಲು ನೋಡಬೇಕೆಂದಿರುವುದು ಇದನ್ನೇ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೊದಲ ಐಪ್ಯಾಡ್‌ಗೆ 2012ರ ಐಒಎಸ್ 6 ಸಿಗಲೇ ಇಲ್ಲ, ಎರಡೇ ವರ್ಷಕ್ಕೆ ಅದು ಹಿಂದೆ ಬಿತ್ತು. ಈಗ ಸ್ಯಾಮ್‌ಸಂಗ್ ತನ್ನ ಟ್ಯಾಬ್ ಎಸ್10ಕ್ಕೆ ಏಳು ವರ್ಷದ ಅಪ್‌ಡೇಟ್ ಕೊಡುವ ಮಾತು ಕೊಟ್ಟಿದೆ. ಎಸ್ ಸರಣಿಯ ಡಬ್ಬದಲ್ಲೇ ಪೆನ್ ಇರುತ್ತದೆ, ಆ್ಯಪಲ್ ಪೆನ್ಸಿಲ್ ಬೇರೆ ಕೊಳ್ಳಬೇಕು. 2023ರ ಟ್ಯಾಬ್ ಎಸ್9 ನೀರು, ಧೂಳು ತಡೆಯುವ ಐಪಿ68 ಮಟ್ಟದ್ದು. ಐಪ್ಯಾಡ್‌ಗೆ ಅಂಥ ಭರವಸೆ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ಬೈಕಿನಲ್ಲಿ ಓಡಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಕಾಯುವ ಬಗ್ಗೆ ಒಂದು ಹಳೆಯ ಘಟನೆ ಭಾವನಿಗೆ ಹೇಳಿದೆ. 2012ರ ಮಾರ್ಚ್‌ನಲ್ಲಿ ಮೂರನೇ ಐಪ್ಯಾಡ್ ಬಂತು. ಜನ ಖುಷಿಯಿಂದ ಕೊಂಡರು. ಅಕ್ಟೋಬರ್‌ನಲ್ಲಿ ನಾಲ್ಕನೆಯದು ಬಂದೇಬಿಟ್ಟಿತು, ಏಳೇ ತಿಂಗಳಿಗೆ. ಕೊಂಡವರ ಕೈಯಲ್ಲಿದ್ದದ್ದು ಹಾಳಾಯಿತಾ? ಇಲ್ಲ. ಅದರ ಪರದೆಯಲ್ಲಿ ಪುಸ್ತಕ ಮೊದಲಿನಷ್ಟೇ ಚೆನ್ನಾಗಿ ಕಾಣುತ್ತಿತ್ತು.

"ಹಾಗಾದರೆ ಅಂಗಡಿಗೇ ಹೋಗ್ತೇನೆ," ಎಂದರು. ಮರುದಿನ ಪೆನ್‌ಡ್ರೈವ್‌ನಲ್ಲಿ ಒಂದು ಪ್ರಸಂಗ ಹಾಕಿಕೊಂಡು ಮಣಿಪಾಲಕ್ಕೆ ಹೋದರಂತೆ. ಮೂರು ಟ್ಯಾಬ್‌ಗಳಲ್ಲಿ ಒಂದೇ ಪುಟ ತೆರೆಸಿದರು. ಎರಡು ಅಡಿ ದೂರ ನಿಂತು, ಕನ್ನಡಕ ತೆಗೆಯದೆ, ಒಂದು ಭಾಮಿನಿ ಪದ್ಯ ಪೂರ್ತಿ ಹೇಳಿ ನೋಡಿದರು. ಅಂಗಡಿಯ ಹುಡುಗ ಕೈಕಟ್ಟಿ ಕೇಳುತ್ತ ನಿಂತಿದ್ದನಂತೆ. ಎರಡರಲ್ಲಿ ಒತ್ತಕ್ಷರ ಓದಲು ಬಗ್ಗಬೇಕಾಯಿತು. 3:2 ಪರದೆಯದರಲ್ಲಿ ಬಗ್ಗಬೇಕಾಗಲಿಲ್ಲ.

"ಕಾಯುವುದು ಬೇಡ ಮಾರಾಯ," ಎಂದು ಸಂಜೆ ಫೋನ್ ಮಾಡಿದರು. "ಪತ್ತನಾಜೆಗೆ ಇನ್ನು ಎರಡೇ ವಾರ. ಯಕ್ಷಗಾನ ಮೇಳಗಳ ತಿರುಗಾಟ ಅಲ್ಲಿಗೆ ಮುಗಿದ ಮೇಲೆ ತಾಳಮದ್ದಳೆಗೆ ಕರೆ ಬರ್ತದೆ. ಅಷ್ಟರಲ್ಲಿ ಪ್ರಸಂಗ ಎಲ್ಲ ಇದಕ್ಕೆ ಹಾಕಬೇಕು."