ಕಂತೆ ಕಂತೆ ನೋಟಿದ್ದರೂ ಹಣಕ್ಕೇಕೆ ಬರ?

ಪ್ರಶ್ನೆ: ಬ್ರಿಟನ್ನಿನ ಮೇಲೆ ಸ್ವಾತಂತ್ರ್ಯ ಯುದ್ಧ ನಡೆಯುವಾಗ ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿನ ಪ್ರತಿನಿಧಿಗಳ ಸಭೆ, ಬೇಕಾದಷ್ಟು ನೋಟು ಅಚ್ಚು ಹಾಕಿಸಿತ್ತು, ಅಲ್ವಾ? ಆದರೂ ವ್ಯಾಪಾರಿಗಳು ಹಣವೇ ಇಲ್ಲ ಎನ್ನುತ್ತಿದ್ದದ್ದು ಯಾಕೆ?

ಉತ್ತರ: ಅವರಿಗೆ ಬೇಕಿದ್ದದ್ದು ಬೆಳ್ಳಿ. ಆಗ ಅಲ್ಲಿ ಓಡಾಡುತ್ತಿದ್ದ ನಾಣ್ಯಗಳಲ್ಲಿ ಮುಖ್ಯವಾದದ್ದು ಸ್ಪೇನಿನ ಡಾಲರ್. ಅದು ಬರುತ್ತಿದ್ದದ್ದು ವ್ಯಾಪಾರದಿಂದಲೇ. ಹಿಟ್ಟು, ಒಣಮೀನು, ಮರ ತುಂಬಿಕೊಂಡು ಕೆರಿಬಿಯನ್ ದ್ವೀಪಗಳಿಗೆ ಹೋದ ಹಡಗುಗಳು ಸಕ್ಕರೆ, ಕಾಕಂಬಿಯ ಜೊತೆ ಬೆಳ್ಳಿಯನ್ನೂ ತರುತ್ತಿದ್ದವು. ಯುದ್ಧ ಶುರುವಾದ ಮೇಲೆ ಬ್ರಿಟಿಷ್ ನೌಕಾಪಡೆ ಆ ದಾರಿಗೆ ಅಡ್ಡ ನಿಂತಿತು. ಸರಕು ಹಡಗುಗಳ ಕಾವಲಿಗೆಂದು 1782ರಲ್ಲಿ ಪೆನ್ಸಿಲ್ವೇನಿಯಾ ಸಜ್ಜು ಮಾಡಿದ ಹಡಗಿನ ಹೆಸರು ‘ಹೈದರ್ ಆಲಿ’. ಹೌದು, ನಮ್ಮ ಮೈಸೂರಿನ ಹೈದರನೇ! ಆಗ ಅವನೂ ಬ್ರಿಟಿಷರ ಮೇಲೆ ಯುದ್ಧದಲ್ಲಿದ್ದ.

ಬೆಳ್ಳಿ ಇಲ್ಲದ ಕಡೆ ಕಾಂಗ್ರೆಸ್ ಕಾಗದ ತಂದಿತು. 1775ರಲ್ಲಿ ಮೊದಲು 20 ಲಕ್ಷ ಡಾಲರ್. 1779 ಮುಗಿಯುವಾಗ ಸುಮಾರು 20 ಕೋಟಿ. ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗೆ ಇರಲಿಲ್ಲ. ಹೊರಗೆ ಬಿಟ್ಟ ನೋಟನ್ನು ವಾಪಸ್ ಎಳೆದುಕೊಳ್ಳುವುದು ಹೇಗೆ? ಸಾಲದ್ದಕ್ಕೆ ಬ್ರಿಟಿಷರು ಖೋಟಾ ನೋಟುಗಳನ್ನೂ ಹರಿಯಬಿಟ್ಟರು. ನೋಟಿನ ಬೆಲೆ ಕುಸಿಯುತ್ತಲೇ ಹೋಯಿತು. 1780ರ ಮಾರ್ಚಿನಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಎಂದು ಲೆಕ್ಕ ಕಟ್ಟಿತು.

ಇಂಥ ಹೊತ್ತಿನಲ್ಲಿ ಸಾಲಕ್ಕೆ ಸರಕು ಕೊಟ್ಟವನ ಗತಿ ನೋಡಿ. ಆರು ತಿಂಗಳ ಮೇಲೆ ನೋಟು ಕೈಗೆ ಬಂದರೂ ಅಷ್ಟೇ ಸರಕು ಮತ್ತೆ ಸಿಗದು. ಹಾಗಾಗಿ ಬೆಳ್ಳಿ ಪೆಟ್ಟಿಗೆ ಸೇರಿತು, ಸರಕು ಗೋದಾಮಿನಲ್ಲೇ ಉಳಿಯಿತು. ಇದರಲ್ಲಿ ಭಯ ಎಷ್ಟು, ದುರಾಸೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಮನೆ ನಡೆಸುವ ಹೆಂಗಸರ ಸಿಟ್ಟು ನ್ಯಾಯವಾದದ್ದೇ. 1777ರಲ್ಲಿ ಬೋಸ್ಟನ್ನಿನ ಶ್ರೀಮಂತ ವ್ಯಾಪಾರಿಯೊಬ್ಬ ಒಂದು ಪೌಂಡ್ ತೂಕಕ್ಕೆ 6 ಶಿಲ್ಲಿಂಗಿಗಿಂತ ಕಡಿಮೆಗೆ ಕಾಫಿ ಕೊಡಲು ಒಪ್ಪಲಿಲ್ಲ. ನೂರು ಜನ ಹೆಂಗಸರು, ಇನ್ನೂ ಜಾಸ್ತಿ ಎಂದವರೂ ಇದ್ದಾರೆ, ಗಾಡಿ ತಂದರು. ಗೋದಾಮಿನ ಕೀಲಿ ಕೊಡದವನನ್ನು ಕತ್ತು ಹಿಡಿದು ಗಾಡಿಗೆ ಎತ್ತಿಹಾಕಿದರು. ಕೀಲಿ ಸಿಕ್ಕಿತು, ಕಾಫಿ ಹೇರಿಕೊಂಡು ಹೊರಟರು. ಗಂಡಸರು ಬೆರಗಾಗಿ ನೋಡುತ್ತ ನಿಂತಿದ್ದರಂತೆ. ಇದನ್ನು ಗಂಡ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಆಡಮ್ಸ್‌ಗೆ ಪತ್ರದಲ್ಲಿ ತಿಳಿಸಿದವರು ಅಬಿಗೇಲ್ ಆಡಮ್ಸ್.

ಬೆಳ್ಳಿ ಮತ್ತೆ ಕಂಡದ್ದು 1780ರಲ್ಲಿ, ಅಮೆರಿಕದ ನೆರವಿಗೆಂದು ರೋಡ್ ಐಲೆಂಡಿನಲ್ಲಿ ಇಳಿದ ಫ್ರೆಂಚ್ ಸೇನೆ ನಾಣ್ಯದಲ್ಲೇ ಖರೀದಿ ಶುರು ಮಾಡಿದಾಗ. ಮರುವರ್ಷ ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನೆಯನ್ನು ಮುತ್ತಲು ಹೊರಟ ಅಮೆರಿಕದ ಸೈನಿಕರು ಸಂಬಳವಿಲ್ಲದೆ ಗೊಣಗತೊಡಗಿದರು. ಹಣಕಾಸು ನೋಡಿಕೊಳ್ಳುತ್ತಿದ್ದ ರಾಬರ್ಟ್ ಮಾರಿಸ್ ಸ್ವತಃ ದೊಡ್ಡ ವ್ಯಾಪಾರಿ. ಅವರು ಫ್ರೆಂಚ್ ಸೇನಾಪತಿ ರೋಶಾಂಬೋ ಬಳಿ 20,000 ಬೆಳ್ಳಿ ಡಾಲರ್ ಸಾಲ ತಂದರು. ಸೈನಿಕರಿಗೆ ಒಂದು ತಿಂಗಳ ಸಂಬಳ ನಾಣ್ಯದಲ್ಲೇ ಸಿಕ್ಕಿತು.